ಕೈಯಿಂದ ಕಲಿಯುವ ವಿಜ್ಞಾನ ಯಾರ ಸೊತ್ತು?

ಶಾಲೆಗಳಿಗೆ ಬೇಸಗೆ ರಜೆ ಬಂದಿದೆ. ಪರೀಕ್ಷೆ ಮುಗಿಸಿದ ಮಕ್ಕಳು ಹಲವು ವಾರ ಮನೆಯಲ್ಲೇ ಇರುತ್ತಾರೆ. ಇದೇ ಹೊತ್ತಿಗೆ ವ್ಯಾಪಾರದ ಒಂದು ಸುಗ್ಗಿಯೂ ಶುರುವಾಗುತ್ತದೆ. ಮಕ್ಕಳು ಮನೆಯಲ್ಲಿ ಕುಳಿತೇ ಪ್ರಯೋಗ ಮಾಡಿ ವಿಜ್ಞಾನ, ಗಣಿತ, ಯಂತ್ರವಿದ್ಯೆ ಎಲ್ಲವನ್ನೂ ಕಲಿಯಬಹುದೆಂದು ಹೇಳಿ ಬಣ್ಣದ ಪೆಟ್ಟಿಗೆ ಮಾರುವವರ ಜಾಹೀರಾತುಗಳು ಮೊಬೈಲಿನ ಪರದೆಯನ್ನು ತುಂಬಿಕೊಳ್ಳುತ್ತವೆ. ತಿಂಗಳಿಗೊಂದು ಪೆಟ್ಟಿಗೆ, ತಿಂಗಳಿಗೊಂದು ಕಂತು. ಬಿಚ್ಚಿ ನೋಡಿದರೆ ಒಳಗಿರುವುದು ಒಂದು ಸಣ್ಣ ಮೋಟಾರು, ಒಂದು ಹಿಡಿ ತಂತಿ, ಒಂದು ಭೂತಗನ್ನಡಿ, ಕತ್ತರಿಸಿಟ್ಟ ರಟ್ಟು. ಆ ಹಣದಲ್ಲಿ ಕೂಲಿಗಾರನ ಮನೆಗೆ ಎಷ್ಟೋ ದಿನದ ದಿನಸಿ ಬಂದೀತು.

ಪೆಟ್ಟಿಗೆ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಮಗು ಕೈಯಾರೆ ಮಾಡಿ ಕಲಿಯಬೇಕು ಎಂಬ ಮಾತು ಸರಿಯಾದದ್ದೇ. ನಮ್ಮ ಆಕ್ಷೇಪ ಬೇರೆ. ಹಣವುಳ್ಳವರ ಮಗುವಿಗೆ ಪ್ರಯೋಗದ ಪೆಟ್ಟಿಗೆ, ದುಡಿಯುವವನ ಮಗುವಿಗೆ ಬಾಯಿಪಾಠದ ಗೈಡು; ಒಬ್ಬನಿಗೆ ವಿಜ್ಞಾನ, ಇನ್ನೊಬ್ಬನಿಗೆ ವಿಜ್ಞಾನದ ಪ್ರಶ್ನೋತ್ತರ. ವಿದ್ಯೆಯ ಊಟದಲ್ಲಿ ನಡೆಯುತ್ತಿರುವ ಈ ಪಂಕ್ತಿಭೇದಕ್ಕೆ ನಮ್ಮ ವಿರೋಧ.

ಆದ್ದರಿಂದ ಗಿರಣಿಯಲ್ಲಿ ದುಡಿಯುವ ಬಂಧುಗಳಿಗೂ ಸಣ್ಣ ಅಂಗಡಿ ಇಟ್ಟುಕೊಂಡಿರುವ ಬಂಧುಗಳಿಗೂ ನಾವು ಹೇಳಬೇಕಾದ ಮಾತು ಎರಡಿದೆ. ಮೊದಲನೆಯದು: ಕೈಯಿಂದ ಕಲಿಯುವ ವಿಜ್ಞಾನದ ಬಹುಪಾಲು ಸಾಮಗ್ರಿ ನಿಮ್ಮ ಮನೆಯಲ್ಲಿ, ನಿಮ್ಮ ಅಂಗಡಿಯಲ್ಲಿ, ನಿಮ್ಮ ಕಸುಬಿನಲ್ಲಿ ಈಗಾಗಲೇ ಇದೆ, ಅದನ್ನು ಕೊಳ್ಳಲು ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ. ಎರಡನೆಯದು: ಮನೆಯಲ್ಲಿ ಇಲ್ಲದ್ದನ್ನು ಸಾರ್ವಜನಿಕ ಹಣದಿಂದ ಒದಗಿಸುವುದು ಸರಕಾರದ ಹೊಣೆ, ಅದನ್ನು ಹಕ್ಕೆಂದು ಕೇಳಬೇಕು. ಮೊದಲನೆಯದನ್ನು ಹೇಳಿ ಎರಡನೆಯದನ್ನು ಬಿಟ್ಟರೆ ಅದು ಬಡವನಿಗೆ ಉಪದೇಶವಾಗುತ್ತದೆ. ಎರಡನೆಯದನ್ನು ಮಾತ್ರ ಹೇಳಿ ಸುಮ್ಮನೆ ಕುಳಿತರೆ ಈ ರಜೆಯೂ ಹೋಗುತ್ತದೆ, ಮುಂದಿನ ರಜೆಯೂ ಹೋಗುತ್ತದೆ.

ನಮ್ಮ ಶಾಲೆಗಳಲ್ಲಿ ವಿಜ್ಞಾನ ಹೇಗೆ ನಡೆಯುತ್ತದೆಂಬುದನ್ನು ತಂದೆತಾಯಂದಿರು ಒಮ್ಮೆ ವಿಚಾರಿಸಬೇಕು. ಪ್ರಯೋಗದ ಚಿತ್ರವನ್ನು ಅಂದವಾಗಿ ಬಿಡಿಸಿ, ಭಾಗಗಳ ಹೆಸರು ಬರೆದು ಪೂರ್ತಿ ಅಂಕ ಪಡೆಯುವ ಹುಡುಗ ಆ ಪ್ರಯೋಗವನ್ನು ಒಮ್ಮೆಯೂ ಮಾಡಿರುವುದಿಲ್ಲ. ಇದು ಉಪಾಧ್ಯಾಯರ ತಪ್ಪೆಂದು ಬಿಡುವುದು ಸುಲಭ. ಒಬ್ಬರೇ ಎರಡು ಮೂರು ತರಗತಿ ನೋಡಿಕೊಂಡು, ಬಿಸಿಯೂಟದ ಲೆಕ್ಕ ಬರೆದು, ಗಣತಿಗೂ ಚುನಾವಣೆಗೂ ಓಡಾಡುವ ಉಪಾಧ್ಯಾಯರಿಗೆ ಪ್ರಯೋಗ ಮಾಡಿಸುವ ಬಿಡುವೆಲ್ಲಿ? 1976ರ 42ನೆಯ ತಿದ್ದುಪಡಿಯಿಂದ ನಮ್ಮ ಸಂವಿಧಾನಕ್ಕೆ 51ಎ ವಿಧಿ ಸೇರಿತು. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಅದು ಹೇಳುತ್ತದೆ. ಕರ್ತವ್ಯವನ್ನು ವಿಧಿಸಿದವರು ಅದಕ್ಕೆ ಬೇಕಾದ ಸಾಧನವನ್ನೂ ಕೊಡಬೇಡವೇ? ಕಣ್ಣಾರೆ ನೋಡದೆ, ಕೈಯಾರೆ ಅಳೆಯದೆ ನಂಬಿದ್ದು ಪುಸ್ತಕದಲ್ಲಿದ್ದರೂ ಒಂದೇ, ಪವಾಡದವನ ಬಾಯಲ್ಲಿ ಬಂದರೂ ಒಂದೇ.

ಇದರ ಬೇರು ಬಹಳ ಆಳದಲ್ಲಿದೆ. ನಮ್ಮ ದೇಶದಲ್ಲಿ ಕೈಕೆಲಸ ಮಾಡುವವನಿಗೆ ಅಕ್ಷರ ಕೊಡಲಿಲ್ಲ. ಅಕ್ಷರ ಬಲ್ಲವನು ಕೈಗೆ ಮಸಿ ಅಂಟಿಸಿಕೊಳ್ಳಲಿಲ್ಲ. ಕಮ್ಮಾರನಿಗೆ ಕಬ್ಬಿಣದ ಗುಣ ಗೊತ್ತಿತ್ತು, ಬರೆದಿಡಲು ಲಿಪಿಯಿರಲಿಲ್ಲ. ಪಂಡಿತನಿಗೆ ಲಿಪಿಯಿತ್ತು, ಸುತ್ತಿಗೆ ಮುಟ್ಟಿದರೆ ಮೈಲಿಗೆಯಾಗುತ್ತಿತ್ತು. ಜಾತಿ ಎಳೆದ ಈ ಗೆರೆ ವಿಜ್ಞಾನವನ್ನು ಇತ್ತಲೂ ಬೆಳೆಯಗೊಡಲಿಲ್ಲ, ಅತ್ತಲೂ ಬೆಳೆಯಗೊಡಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಶರಣರು ಕಾಯಕಕ್ಕೆ ಗೌರವ ತಂದುಕೊಟ್ಟು ಈ ಗೆರೆಯನ್ನು ಅಳಿಸಲು ನೋಡಿದರು. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಮುಂದಿಟ್ಟ ನಯೀ ತಾಲೀಮ್ ಕೂಡ ಕೈ ಮತ್ತು ಬುದ್ಧಿಯನ್ನು ಒಂದೇ ಕಡೆ ಕೂಡಿಸುವ ಯತ್ನವೇ. ಆ ಗೆರೆ ಇನ್ನೂ ಪೂರಾ ಅಳಿದಿಲ್ಲ. ನಮ್ಮ ಮಗ ನಮ್ಮಂತೆ ಕೈ ಮಸಿ ಮಾಡಿಕೊಳ್ಳುವುದು ಬೇಡ ಎಂದು ಗಿರಣಿಯ ಫಿಟ್ಟರನೇ ಹೇಳುವುದುಂಟು. ಆ ಮಾತಿನ ಹಿಂದಿನ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಆ ಕೈಯಲ್ಲಿರುವುದು ಬರಿಯ ಮಸಿಯಲ್ಲ, ವಿದ್ಯೆ.

ನೂಲಿನ ಗಿರಣಿಯ ಲೆಕ್ಕವನ್ನೇ ನೋಡಿ. 40ನೆಯ ನಂಬರಿನ ನೂಲು ಎಂದರೇನು? 840 ಗಜ ಉದ್ದದ ಒಂದು ಲಡಿ. ಅಂಥ ಎಷ್ಟು ಲಡಿ ಸೇರಿದರೆ ಒಂದು ಪೌಂಡು ತೂಗುತ್ತದೆಯೋ ಅದೇ ನೂಲಿನ ನಂಬರು. ಹಾಗಾದರೆ 40ನೆಯ ನಂಬರಿನ ಒಂದು ಪೌಂಡು ನೂಲಿನ ಉದ್ದ 33,600 ಗಜ. ಅಂದರೆ 30 ಕಿಲೋಮೀಟರಿಗೂ ಹೆಚ್ಚು. ಅರ್ಧ ಕಿಲೋಗ್ರಾಮಿಗಿಂತ ಕಡಿಮೆ ಹತ್ತಿಯಲ್ಲಿ ಇಷ್ಟು ದೂರದ ನೂಲು! ನಂಬರು ಹೆಚ್ಚಿದಷ್ಟೂ ನೂಲು ಯಾಕೆ ಸಣ್ಣದಾಗುತ್ತದೆ? ಈ ಒಂದು ಪ್ರಶ್ನೆಯಲ್ಲಿ ಗುಣಾಕಾರವಿದೆ, ಅನುಪಾತವಿದೆ, ವಿಲೋಮ ಸಂಬಂಧವಿದೆ. ಪುಸ್ತಕದಲ್ಲಿ ಮಗುವಿಗೆ ಬೇಸರ ತರಿಸುವ ಪಾಠವನ್ನು ಅಪ್ಪ ಒಂದು ಹಿಡಿ ನೂಲು ಹಿಡಿದು ಹೇಳಿಕೊಡಬಲ್ಲ. ಇಪ್ಪತ್ತು ಸೆಂಟಿಮೀಟರು ಅಡ್ಡಳತೆಯ ಗಾಲಿಯಿಂದ ಐದು ಸೆಂಟಿಮೀಟರಿನ ಗಾಲಿಗೆ ಪಟ್ಟೆ ಕಟ್ಟಿದರೆ, ಪಟ್ಟೆ ಜಾರದಿದ್ದಲ್ಲಿ, ಸಣ್ಣದು ನಾಲ್ಕು ಪಟ್ಟು ಬೇಗ ತಿರುಗುತ್ತದೆ. ಎರಡು ಡಬ್ಬಿ ಮುಚ್ಚಳ, ಎರಡು ಮೊಳೆ, ಒಂದು ಹಲಗೆ, ಒಂದು ರಬ್ಬರು ಪಟ್ಟಿ. ಮನೆಯ ಜಗುಲಿಯಲ್ಲೇ ಇದನ್ನು ಮಾಡಿ ಎಣಿಸಿ ನೋಡಬಹುದು.

ನೂಲುವ ಖಾತೆಯಲ್ಲಿ ಗಾಳಿಗೆ ತೇವ ಬಿಡುವುದೇಕೆಂದು ಅಲ್ಲಿ ದುಡಿಯುವವರಿಗೆ ಗೊತ್ತು: ಒಣಗಾಳಿಯಲ್ಲಿ ಹತ್ತಿಯ ನೂಲು ಬೇಗ ಹರಿಯುತ್ತದೆ. ಅದೇ ಒಣಗಾಳಿ ಬೇಸಗೆಯಲ್ಲಿ ಮಣ್ಣಿನ ಗಡಿಗೆಯ ನೀರನ್ನು ತಂಪಾಗಿಸುತ್ತದೆ. ಎರಡು ಬಾಟಲಿಗೆ ಒಂದೇ ಕೊಡದ ನೀರು ತುಂಬಿ, ಒಂದಕ್ಕೆ ಒದ್ದೆ ಬಟ್ಟೆ ಸುತ್ತಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ನೆರಳಿನಲ್ಲಿ ಗಾಳಿಗೆ ಇಡಲಿ. ಅರ್ಧ ಗಂಟೆ ಬಿಟ್ಟು ಎರಡನ್ನೂ ಮುಟ್ಟಿ ನೋಡಲಿ. ನೀರು ಆವಿಯಾಗುವಾಗ ಶಾಖವನ್ನು ಕೊಂಡೊಯ್ಯುತ್ತದೆಂಬ ಸಂಗತಿಯನ್ನು ಆ ಮಗು ಮತ್ತೆಂದೂ ಬಾಯಿಪಾಠ ಮಾಡಬೇಕಾಗಿಲ್ಲ. ಮಳೆಗಾಲದಲ್ಲಿ ಇದನ್ನೇ ಮಾಡಿದರೆ ತಂಪು ಯಾಕೆ ಕಡಿಮೆ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಪ್ರಶ್ನೆ ಹುಟ್ಟಿತೆಂದರೆ ಅರ್ಧ ವಿದ್ಯೆ ಬಂದಂತೆಯೇ.

ಇನ್ನು ಅಂಗಡಿಯ ಮಾತು. ತಕ್ಕಡಿಗಿಂತ ಒಳ್ಳೆಯ ಗಣಿತದ ಸಲಕರಣೆ ಯಾವುದಿದೆ? 1, 3, 9, 27 ಕಿಲೋಗ್ರಾಮಿನ ನಾಲ್ಕೇ ನಾಲ್ಕು ಬಟ್ಟುಗಳಿದ್ದರೆ ಒಂದರಿಂದ ನಲವತ್ತು ಕಿಲೋಗ್ರಾಮಿನವರೆಗೆ ಯಾವ ಪೂರ್ಣ ತೂಕವನ್ನಾದರೂ ತೂಗಬಹುದು. ಐದು ಕಿಲೋ ತೂಗಬೇಕೇ? ಒಂಬತ್ತರ ಬಟ್ಟು ಒಂದು ತಟ್ಟೆಗೆ. ಸಾಮಾನಿನ ಜೊತೆಗೆ ಮೂರರದೂ ಒಂದರದೂ ಇನ್ನೊಂದು ತಟ್ಟೆಗೆ. ಹದಿನಾಲ್ಕು ಹೇಗೆ, ಇಪ್ಪತ್ತೆರಡು ಹೇಗೆ ಎಂದು ಮಕ್ಕಳನ್ನು ಕೇಳಿ ನೋಡಿ; ಒಂದು ಮಧ್ಯಾಹ್ನ ಕಳೆದದ್ದೇ ತಿಳಿಯದು. ಅಂಗಡಿಯಲ್ಲಿ ಈಗ ವಿದ್ಯುತ್ ತೂಕದ ಯಂತ್ರ ಬಂದಿದೆಯೆಂದರೂ ಚಿಂತೆಯಿಲ್ಲ. ಒಂದು ಮರದ ಅಳತೆಪಟ್ಟಿ, ಎರಡು ಡಬ್ಬಿ ಮುಚ್ಚಳ, ಸ್ವಲ್ಪ ದಾರ ಸಿಕ್ಕರೆ ಮಗುವೇ ತಕ್ಕಡಿ ಕಟ್ಟಬಲ್ಲದು. ಆ ಯಂತ್ರದೊಳಗೂ ಮಾಯವೇನಿಲ್ಲ: ಭಾರಕ್ಕೆ ಲೋಹದ ತುಂಡೊಂದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಬಾಗಿದಾಗ ಅದಕ್ಕೆ ಅಂಟಿಸಿದ ಪಟ್ಟಿಯ ವಿದ್ಯುತ್ ರೋಧ ಬದಲಾಗುತ್ತದೆ, ಯಂತ್ರ ಆ ಬದಲಾವಣೆಯನ್ನು ತೂಕವಾಗಿ ಓದುತ್ತದೆ.

ತಕ್ಕಡಿಯ ದಂಡದ ಎರಡು ತೋಳು ಸಮವಿಲ್ಲದಿದ್ದರೆ ಗಿರಾಕಿಗೆ ಮೋಸ. ಅದನ್ನು ಹಿಡಿಯುವುದು ಹೇಗೆ? ಸಾಮಾನನ್ನೂ ಬಟ್ಟನ್ನೂ ಅದಲುಬದಲು ಮಾಡಿ ತೂಗಬೇಕು. ಒಂದು ಕಡೆಯಿಂದ 810 ಗ್ರಾಮು, ಇನ್ನೊಂದು ಕಡೆಯಿಂದ 1,000 ಗ್ರಾಮು ಬಂತೆನ್ನೋಣ. ನಿಜವಾದ ತೂಕ ಇವೆರಡರ ಸರಾಸರಿಯಾದ 905 ಅಲ್ಲ; ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಬರುವ 900. ಯಾಕೆಂದು ಕೇಳುವ ಮಗು ಸನ್ನೆಯ ನಿಯಮದ ಬಾಗಿಲಿಗೆ ಬಂದು ನಿಂತಿತೆಂದೇ ಅರ್ಥ. ಪ್ರಾಮಾಣಿಕ ವ್ಯಾಪಾರಿಯ ಮಗು ಈ ಲೆಕ್ಕ ಕಲಿತರೆ ಅಂಗಡಿಯ ಮರ್ಯಾದೆ ಉಳಿಯುತ್ತದೆ. ಕೂಲಿಗಾರನ ಮಗು ಕಲಿತರೆ ಪಡಿತರದಲ್ಲಿ ಮೋಸ ಹೋಗುವುದು ತಪ್ಪುತ್ತದೆ. ವಿಜ್ಞಾನ ಜೀವನಕ್ಕೆ ಬರುವುದೆಂದರೆ ಇದೇ.

ಅಡಿಗೆಮನೆಯನ್ನು ಮರೆಯುವಂತಿಲ್ಲ. ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿದ ಬಿಳಿ ಕಾಗದಕ್ಕೆ ಸಾಬೂನಿನ ನೀರು ತಾಗಿದರೆ ಕೆಂಪಾಗುತ್ತದೆ, ನಿಂಬೆರಸ ಬಿದ್ದರೆ ಮತ್ತೆ ಹಳದಿಗೆ ತಿರುಗುತ್ತದೆ. ಅರಿಸಿನ ಸುಣ್ಣದಿಂದ ಕುಂಕುಮ ಮಾಡುವ ಹಳೆಯ ಪದ್ಧತಿಯೂ ಇದೇ ಗುಣವನ್ನು ಆಧರಿಸಿದ್ದು. ಆಮ್ಲ, ಪ್ರತ್ಯಾಮ್ಲ ಎಂಬ ಕಷ್ಟದ ಶಬ್ದಗಳ ಹಿಂದಿರುವುದು ತಾಯಿ ದಿನವೂ ಕಾಣುವ ಸಂಗತಿ. ಆದರೆ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಮಗ ಪ್ರಯೋಗ ಮಾಡುವುದು, ಮಗಳು ಅದರ ಪಾತ್ರೆ ತೊಳೆಯುವುದು ಎಂದಾದರೆ ಅದು ನಮ್ಮ ಪಂಥದ ಮನೆಯಲ್ಲ. ತಂತಿ ಸುತ್ತುವುದು, ಸೈಕಲ್ಲು ಬಿಚ್ಚುವುದು ಹೆಣ್ಣುಮಕ್ಕಳಿಗೂ ಬರಬೇಕು. ಗಡಿಗೆಯ ಪ್ರಯೋಗಕ್ಕೆ ನೀರು ತರುವುದು ಗಂಡುಮಕ್ಕಳಿಗೂ ಬರಬೇಕು.

ಮನೆಯಲ್ಲಿ ಏನೂ ಇಲ್ಲವೆನ್ನುವವರಿಗೆ ಒಂದು ದಾರ, ಒಂದು ಕಲ್ಲು ಸಾಕು. ಮೇಲಿನ ಗಂಟಿನಿಂದ ಕಲ್ಲಿನ ನಡುವಿನವರೆಗೆ 25 ಸೆಂಟಿಮೀಟರು ಇರುವಂತೆ ದಾರಕ್ಕೆ ಕಲ್ಲು ಕಟ್ಟಿ ಮೊಳೆಗೆ ತೂಗುಬಿಟ್ಟು, ಸ್ವಲ್ಪವೇ ಸರಿಸಿ ಬಿಡಲಿ. ಹೋಗಿ ಬಂದರೆ ಒಂದು ಎಂದು ಎಣಿಸಿದಾಗ ಇಪ್ಪತ್ತು ತೂಗಾಟಕ್ಕೆ ಸುಮಾರು 20 ಸೆಕೆಂಡು ಹಿಡಿಯುತ್ತದೆ. ಕಲ್ಲು ಬದಲಿಸಿ ಭಾರದ್ದು ಕಟ್ಟಿದರೂ ಕಾಲ ಬದಲಾಗುವುದಿಲ್ಲ! ಆದರೆ ದಾರವನ್ನು ಒಂದು ಮೀಟರಿಗೆ ಹೆಚ್ಚಿಸಿದರೆ ಅದೇ ಇಪ್ಪತ್ತಕ್ಕೆ ಸುಮಾರು 40 ಸೆಕೆಂಡು ಬೇಕು. ಉದ್ದ ನಾಲ್ಕು ಪಟ್ಟು, ಕಾಲ ಎರಡು ಪಟ್ಟು. ಹಾಗಾದರೆ ಮೂರು ಪಟ್ಟು ಕಾಲಕ್ಕೆ ದಾರ ಎಷ್ಟಿರಬೇಕು? ಮಗು ಮೊದಲು ಊಹೆ ಹೇಳಲಿ, ಆಮೇಲೆ ಅಳೆಯಲಿ, ಕೊನೆಗೆ ನೋಟುಪುಸ್ತಕದಲ್ಲಿ ಬರೆಯಲಿ. ಊಹೆ ತಪ್ಪಿದರೆ ಬೈಯಬೇಡಿ. ತಪ್ಪಿದ ಊಹೆಯನ್ನು ಅಳತೆಯಿಂದ ತಿದ್ದಿಕೊಳ್ಳುವುದೇ ವಿಜ್ಞಾನದ ಕ್ರಮ.

ಆಕಾಶಕ್ಕಂತೂ ಯಾರೂ ಟಿಕೆಟ್ಟು ಇಟ್ಟಿಲ್ಲ. ಕೈಗನ್ನಡಿಗೆ ಕಾಗದ ಮುಚ್ಚಿ, ನಡುವೆ ಕಡಲೆಕಾಳಿಗಿಂತ ಸಣ್ಣ ತೂತು ಬಿಟ್ಟು, ಬಿಸಿಲನ್ನು 10 ಮೀಟರು ದೂರದ ನೆರಳಿನ ಗೋಡೆಗೆ ಹಾಯಿಸಿದರೆ ಅಲ್ಲಿ ಬೀಳುವ ದುಂಡು ಬೆಳಕು ಸೂರ್ಯನ ಬಿಂಬವೇ. ಅದರ ಅಡ್ಡಳತೆ ಒಂಬತ್ತು ಸೆಂಟಿಮೀಟರಿಗೆ ತುಸು ಹೆಚ್ಚು. ಅಂದರೆ ದೂರದ ಸುಮಾರು 108ನೆಯ ಒಂದು ಪಾಲು. ಸೂರ್ಯ ಇರುವುದು ಸುಮಾರು 15 ಕೋಟಿ ಕಿಲೋಮೀಟರು ದೂರದಲ್ಲಿ. ಅದನ್ನು 108ರಿಂದ ಭಾಗಿಸಿದರೆ ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿಲೋಮೀಟರು ಎಂದು ಎಂಟನೆಯ ತರಗತಿಯ ಹುಡುಗಿ ಗೋಡೆಯ ಮೇಲೆ ಅಳೆದು ಹೇಳಬಲ್ಲಳು. ಇನ್ನೊಂದು ಸೋಜಿಗ: ಕರ್ನಾಟಕವೆಲ್ಲ ಉಷ್ಣವಲಯದಲ್ಲಿರುವುದರಿಂದ ವರ್ಷಕ್ಕೆ ಎರಡು ದಿನ ನಡುಹಗಲಿನಲ್ಲಿ ಸೂರ್ಯ ನೆತ್ತಿಯ ಮೇಲೆ ನೇರ ಬಂದು, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಬೆಂಗಳೂರಿನಲ್ಲಿ ಇದು ಏಪ್ರಿಲ್ 24ರ ಹೊತ್ತಿಗೂ ಆಗಸ್ಟ್ 18ರ ಹೊತ್ತಿಗೂ ಬರುತ್ತದೆ. ಉತ್ತರಕ್ಕೆ ಹೋದಂತೆ ಮೊದಲನೆಯದು ಮುಂದಕ್ಕೆ, ಎರಡನೆಯದು ಹಿಂದಕ್ಕೆ ಸರಿಯುತ್ತದೆ. ನಮ್ಮ ಊರಿಗೆ ಯಾವ ದಿನವೆಂದು ಮಕ್ಕಳೇ ಕೋಲು ನೆಟ್ಟು ಕಂಡುಹಿಡಿಯಲಿ.

ಮನೆಯಲ್ಲಿ ಸೈಕಲ್ಲಿದ್ದರೆ ಮುಂದಿನ ಚಕ್ರದ ಹಲ್ಲನ್ನೂ ಹಿಂದಿನ ಚಕ್ರದ ಹಲ್ಲನ್ನೂ ಎಣಿಸಿ ಭಾಗಿಸಲಿ. ಪೆಡಲು ಒಂದು ಸುತ್ತು ಬಂದರೆ ಗಾಲಿ ಎಷ್ಟು ಸುತ್ತು ಬರಬೇಕೆಂದು ಲೆಕ್ಕ ಹಾಕಿ, ಆಮೇಲೆ ತಿರುಗಿಸಿ ನೋಡಲಿ. ಕಬ್ಬಿಣದ ಮೊಳೆಗೆ ಅರಗು ಹಚ್ಚಿದ ತಾಮ್ರದ ತಂತಿಯನ್ನು ಐವತ್ತು ಸುತ್ತು ಸುತ್ತಿ, ತುದಿಗಳ ಅರಗನ್ನು ಕೆರೆದು, ಒಂದೂವರೆ ವೋಲ್ಟಿನ ಟಾರ್ಚು ಸೆಲ್ಲಿಗೆ ಮುಟ್ಟಿಸಿದರೆ ಮೊಳೆ ಗುಂಡುಸೂಜಿಗಳನ್ನು ಎತ್ತುತ್ತದೆ. ಸುತ್ತು ನೂರಾದರೆ ಎಷ್ಟು ಎತ್ತೀತು? ಕೆಲವೇ ಕ್ಷಣ ಮುಟ್ಟಿಸಿ ಬಿಡಬೇಕು, ಇಲ್ಲವಾದರೆ ತಂತಿ ಕಾಯುತ್ತದೆ. ಇಲ್ಲಿ ಹಿರಿಯರು ಕಟ್ಟುನಿಟ್ಟಾಗಿರಬೇಕು: ಗೋಡೆಯ ವಿದ್ಯುತ್ತನ್ನು ಪ್ರಯೋಗಕ್ಕೆ ಮುಟ್ಟಲೇಕೂಡದು, ಅದು 230 ವೋಲ್ಟು, ಜೀವ ತೆಗೆಯುತ್ತದೆ. ಸೂರ್ಯನನ್ನು ನೇರವಾಗಿ ನೋಡಕೂಡದು. ಕನ್ನಡಿಯ ಬಿಸಿಲನ್ನು ಯಾರ ಕಣ್ಣಿಗೂ ಹಾಯಿಸಕೂಡದು. ಹಳೆಯ ಮೊಬೈಲಿನ ಬ್ಯಾಟರಿಯನ್ನು ಬಿಚ್ಚಕೂಡದು. ಬೆಂಕಿಯ ಕೆಲಸ ದೊಡ್ಡವರಿಲ್ಲದಾಗ ಬೇಡ.

ಇಷ್ಟೆಲ್ಲ ಓದಿದ ಮೇಲೆ ಒಬ್ಬ ಕೂಲಿಗಾರ ಬಂಧು ನಮ್ಮನ್ನು ಕೇಳಬಹುದು: “ನೀವು ಹೇಳುವುದು ಚೆನ್ನಾಗಿದೆ. ಆದರೆ ನನ್ನ ಮನೆ ಒಂದೇ ಕೋಣೆಯದು. ರಾತ್ರಿ ಪಾಳಿ ಮುಗಿಸಿ ಬಂದವನು ಹಗಲು ಮಲಗಬೇಕು. ಹೆಂಡತಿ ಮನೆಗೆಲಸಕ್ಕೆ ಹೋಗುತ್ತಾಳೆ. ತೂಗುವ ಕಲ್ಲನ್ನು ನೋಡುತ್ತ ಕೂರುವವರು ಯಾರು?” ಈ ಪ್ರಶ್ನೆಗೆ ನುಣುಚಿಕೊಳ್ಳುವ ಉತ್ತರ ಕೊಡುವುದು ಸಲ್ಲದು. ಕಲಿಕೆಗೆ ಬೇಕಾದ್ದು ದಾರವೂ ಕಲ್ಲೂ ಮಾತ್ರವಲ್ಲ. ಜಾಗ, ಬಿಡುವು, ಕೇಳಿದ್ದಕ್ಕೆ ಉತ್ತರ ಹೇಳುವ ಒಬ್ಬ ತಿಳಿದವರು. ಎಂಟು ಗಂಟೆಯ ದುಡಿಮೆಗಾಗಿ ಕೂಲಿಗಾರರು ಹೋರಾಡಿದ್ದು ನಿದ್ದೆಗಾಗಿ ಮಾತ್ರವೇ? ಮಕ್ಕಳ ಜೊತೆ ಕೂತು ಮನುಷ್ಯರಾಗಿ ಬಾಳುವ ಹೊತ್ತಿಗಾಗಿಯೂ ಹೋರಾಡಿದರು. ಬಿಡುವಿನ ಪ್ರಶ್ನೆಯೂ ವಿದ್ಯೆಯ ಪ್ರಶ್ನೆಯೂ ಬೇರೆ ಬೇರೆಯಲ್ಲ.

ಮನೆಯೊಂದರಿಂದಲೇ ಎಲ್ಲವೂ ಆಗದೆಂಬುದನ್ನು 2020 ನಮಗೆ ಕಲಿಸಿತು. ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ ಪಾಠ ಮೊಬೈಲಿಗೆ ಹೋಯಿತು. ಮನೆಗೊಂದು ಮೊಬೈಲು, ಅದೂ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುವ ಮನೆಯ ಮಕ್ಕಳು ಪಾಠದಿಂದ ಹೊರಗುಳಿದರು. ಆ ವರ್ಷ ನಮ್ಮ ರಾಜ್ಯದಲ್ಲಿ ವಿದ್ಯಾಗಮ ಎಂಬ ಹೆಸರಿನಲ್ಲಿ ಉಪಾಧ್ಯಾಯರು ಕೇರಿಗಳಿಗೇ ಬಂದು, ಗುಡಿಯ ಜಗುಲಿಯಲ್ಲೋ ಮರದ ನೆರಳಿನಲ್ಲೋ ಮಕ್ಕಳನ್ನು ಕೂರಿಸಿ ಪಾಠ ಹೇಳಿದ್ದನ್ನು ನೆನೆಯಬೇಕು. ಮನೆಗೂ ಶಾಲೆಗೂ ನಡುವೆ ಕೇರಿ ಎಂಬುದೊಂದಿದೆ, ಅಲ್ಲಿಯೂ ಕಲಿಕೆ ನಡೆಯಬಲ್ಲದು ಎಂಬುದನ್ನು ಅದು ತೋರಿಸಿತು.

ಬಡವರ ಮನೆಯಿಂದ ವಿಜ್ಞಾನಿ ಹುಟ್ಟಿದ ಕಥೆಗಳನ್ನು ಹೇಳುವಾಗ ಈ ಮಾತನ್ನೇ ಮರೆಮಾಚುತ್ತಾರೆ. ಮೈಕೇಲ್ ಫ್ಯಾರಡೆ ಕಮ್ಮಾರನ ಮಗ. 1805ರಲ್ಲಿ, ಹದಿನಾಲ್ಕರ ವಯಸ್ಸಿಗೆ, ಲಂಡನ್ನಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಗೆ ಸೇರಿದ. ರಟ್ಟು ಕಟ್ಟುವ ಪುಸ್ತಕಗಳನ್ನೇ ಓದಿ, ಕೈಗೆಟಕುವ ಸಾಮಾನಿನಿಂದ ವಿದ್ಯುತ್ ಪ್ರಯೋಗ ಮಾಡಿದ. ಆದರೆ ಅಷ್ಟಕ್ಕೇ ಅವನು ಫ್ಯಾರಡೆಯಾಗಲಿಲ್ಲ. 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಲು ಗಿರಾಕಿಯೊಬ್ಬ ಟಿಕೆಟ್ಟು ಕೊಟ್ಟ. 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಶನ್ನಿನ ಪ್ರಯೋಗಶಾಲೆಯ ಬಾಗಿಲು ಅವನಿಗೆ ತೆರೆಯಿತು. 1831ರಲ್ಲಿ ಅವನು ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆಯಿಂದಲೇ ಇಂದು ಶರಾವತಿಯ ನೀರಿನಿಂದ ವಿದ್ಯುತ್ತು ಬರುತ್ತಿರುವುದು. ಆ ಒಂದು ಟಿಕೆಟ್ಟು ಸಿಗದಿದ್ದರೆ? ಟಿಕೆಟ್ಟು ಸಿಗದೆ ರಟ್ಟು ಕಟ್ಟುತ್ತಲೇ ಮುಗಿದ ಹುಡುಗರ ಲೆಕ್ಕ ಯಾರ ಬಳಿ ಇದೆ?

ನಮ್ಮವರೇ ಆದ ಸಿ. ವಿ. ರಾಮನ್ 1907ರಿಂದ ಹತ್ತು ವರ್ಷ ಸರಕಾರದ ಹಣಕಾಸು ಖಾತೆಯಲ್ಲಿ ನೌಕರಿಯಲ್ಲಿದ್ದರು. ಕಲಕತ್ತೆಯಲ್ಲಿದ್ದಾಗ ಕಚೇರಿಗೆ ಮೊದಲು, ಕಚೇರಿ ಬಿಟ್ಟ ಮೇಲೆ ಬೌಬಜಾರಿನ ವಿಜ್ಞಾನ ಸಂಘದ ಪ್ರಯೋಗಶಾಲೆಯಲ್ಲಿ ದುಡಿಯುತ್ತಿದ್ದರು. ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು ಸಾರ್ವಜನಿಕರಿಂದ ಚಂದಾ ಎತ್ತಿ 1876ರಲ್ಲಿ ಕಟ್ಟಿದ ಸಂಘ ಅದು. ಅಲ್ಲಿಯೇ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮ ಕಂಡದ್ದು, 1930ರಲ್ಲಿ ನೊಬೆಲ್ ಪಾರಿತೋಷಕ ಬಂದದ್ದು. 1933ರಲ್ಲಿ ಅವರು ಬೆಂಗಳೂರಿಗೆ ಬಂದರು. ರಾಮನ್ನರ ಪ್ರತಿಭೆಗೆ ನಮಸ್ಕಾರ. ಆದರೆ ಕಚೇರಿಯ ಹೊತ್ತಿನ ಆಚೆಗೂ ಬಾಗಿಲು ತೆರೆದಿಟ್ಟ ಆ ಸಾರ್ವಜನಿಕ ಪ್ರಯೋಗಶಾಲೆಗೂ ನಮಸ್ಕಾರ ಹೇಳಬೇಕು. ನಾವು ಕೇಳುತ್ತಿರುವುದು ಅಂಥ ಬಾಗಿಲನ್ನೇ.

ಸರಕಾರಿ ಶಾಲೆಯಲ್ಲಿ ಇದು ಸಾಧ್ಯವೇ ಎಂದು ಸಂದೇಹಪಡುವವರು ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯನ್ನು ನೋಡಬೇಕು. ಈಗ ಅದರ ಹೆಸರು ನರ್ಮದಾಪುರಂ. 1972ರಲ್ಲಿ ಕಿಶೋರ ಭಾರತಿ, ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಅಲ್ಲಿನ 16 ಮಾಧ್ಯಮಿಕ ಶಾಲೆಗಳಲ್ಲಿ ಪ್ರಯೋಗದ ಮೂಲಕವೇ ವಿಜ್ಞಾನ ಕಲಿಸಲು ತೊಡಗಿದವು. ನಾಲ್ಕು ನಾಲ್ಕು ಮಕ್ಕಳ ಗುಂಪು. ಗುಂಪಿಗೆ ಅಗ್ಗದ ಸಲಕರಣೆ. ಮಕ್ಕಳೇ ಮಾಡಿ, ನೋಡಿ, ಚರ್ಚಿಸಿ ಉತ್ತರ ಬರೆಯುವ ಪುಸ್ತಕ. ಪರೀಕ್ಷೆಯಲ್ಲೂ ಪುಸ್ತಕ ತೆರೆದು ನೋಡುವ ಅನುಮತಿ, ಜೊತೆಗೆ ಪ್ರಯೋಗ ಮಾಡಿ ತೋರಿಸುವ ಪರೀಕ್ಷೆ. 1978ರಲ್ಲಿ ಇದು ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೆ ಹಬ್ಬಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಮುಂದುವರಿಸಿತು. ಬೆಂಕಿಕಡ್ಡಿಗೂ ಸೈಕಲ್ಲಿನ ವಾಲ್ವ್ ಟ್ಯೂಬಿಗೂ ಜೋಡಿ ಕಟ್ಟಿ ತ್ರಿಕೋಣ, ಚೌಕ, ಗೋಪುರಗಳನ್ನು ಮಾಡಲು ಕಲಿಸಿದ, 2018ರಲ್ಲಿ ಪದ್ಮಶ್ರೀ ಪಡೆದ ಅರವಿಂದ ಗುಪ್ತಾ ಆ ದಾರಿಗೆ ಬಂದದ್ದೂ ಇಲ್ಲಿಂದಲೇ. ಮೂವತ್ತು ವರ್ಷ ನಡೆದ ಈ ಕೆಲಸವನ್ನು 2002ರಲ್ಲಿ ರಾಜ್ಯ ಸರಕಾರ ನಿಲ್ಲಿಸಿತು. ಇದರಿಂದ ಎರಡು ಪಾಠ. ಸಾಮಾನ್ಯ ಜಿಲ್ಲೆಯೊಂದರ ಸರಕಾರಿ ಶಾಲೆಯಲ್ಲೂ ಇದನ್ನು ಮಾಡಬಹುದು. ಆದರೆ ಜನ ತಮ್ಮದೆಂದು ಹಿಡಿದುಕೊಳ್ಳದ ಸೌಲಭ್ಯವನ್ನು ಮೇಲಿನವರು ಒಂದೇ ಆಜ್ಞೆಯಿಂದ ಹಿಂತೆಗೆದುಕೊಳ್ಳಬಹುದು.

ಇಂದಿನ ಕೇಂದ್ರ ಸರಕಾರ 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬ್ ಎಂಬ ಹೆಸರಿನಲ್ಲಿ ಶಾಲೆಗಳಿಗೆ 20 ಲಕ್ಷ ರೂಪಾಯಿಯವರೆಗೆ ಕೊಟ್ಟು ಪ್ರಯೋಗಶಾಲೆ ತೆರೆಸುತ್ತಿದೆ. ದೇಶದಲ್ಲಿ 10,000ಕ್ಕೂ ಹೆಚ್ಚು ತೆರೆದಿವೆ. ಸರಕಾರಿ ಶಾಲೆಗಳಲ್ಲಿ ಐದು ವರ್ಷದೊಳಗೆ ಇನ್ನೂ 50,000 ಎಂದು 2025ರ ಮುಂಗಡಪತ್ರದಲ್ಲಿ ಘೋಷಿಸಿದರು. ಒಳ್ಳೆಯದನ್ನು ಒಳ್ಳೆಯದೆನ್ನಲು ನಮಗೆ ಸಂಕೋಚವಿಲ್ಲ. ಆದರೆ ದೇಶದಲ್ಲಿರುವ ಶಾಲೆಗಳು 14 ಲಕ್ಷಕ್ಕೂ ಮೇಲೆ. ಅವುಗಳಲ್ಲಿ ಪ್ರಾಥಮಿಕ ಶಾಲೆಗಳೇ ಹೆಚ್ಚೆಂದು ಒಪ್ಪಿಕೊಂಡರೂ, ಹತ್ತು ಸಾವಿರವೆಂದರೆ ನೂರಕ್ಕೆ ಒಂದೂ ಆಗಲಿಲ್ಲ. ಇನ್ನೊಂದು ಪ್ರಶ್ನೆ: ಆ ಬಾಗಿಲಿನ ಬೀಗದ ಕೈ ಯಾರ ಹತ್ತಿರ? ರಜೆಯಲ್ಲಿ ಅದು ತೆರೆದಿರುತ್ತದೆಯೇ? ಪಕ್ಕದ ಬೀದಿಯ ಶಾಲೆಯ ಮಗು ಒಳಗೆ ಕಾಲಿಡಬಹುದೇ?

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಒಂದು: ಸಾರ್ವಜನಿಕ ಹಣದಿಂದ ಕಟ್ಟಿದ ಪ್ರತಿಯೊಂದು ಶಾಲಾ ಪ್ರಯೋಗಶಾಲೆಯೂ ಶನಿವಾರ ಮಧ್ಯಾಹ್ನ ಮತ್ತು ರಜೆಯ ದಿನಗಳಲ್ಲಿ ಆ ಸುತ್ತಿನ ಎಲ್ಲ ಮಕ್ಕಳಿಗೂ ತೆರೆದಿರಬೇಕು, ಅದಕ್ಕೆ ಉಪಾಧ್ಯಾಯರಿಗೆ ಹೆಚ್ಚಿನ ಭತ್ಯೆ ಕೊಡಬೇಕು, ಬಿಟ್ಟಿ ದುಡಿಮೆ ಕೂಡದು. ಎರಡು: 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾನೂನಿನ ಪರಿಶಿಷ್ಟದಲ್ಲಿ ತರಗತಿ ತರಗತಿಗೂ ಕಲಿಕೆಯ ಸಲಕರಣೆ ಒದಗಿಸಬೇಕೆಂದಿದೆ, ನಮ್ಮ ಜಿಲ್ಲೆಯ ಯಾವ ಶಾಲೆಗೆ ಏನು ಬಂದಿದೆಯೆಂದು ಸೂಚನಾ ಫಲಕದಲ್ಲಿ ಬರೆದು ಹಾಕಬೇಕು. ಮೂರು: ಗ್ರಂಥಾಲಯಗಳು ಪುಸ್ತಕ ಕೊಡುವಂತೆ ಸಲಕರಣೆಯ ಪೆಟ್ಟಿಗೆಯನ್ನೂ ಮನೆಗೆ ಎರವಲು ಕೊಡಬೇಕು. ಒಂದು ಭೂತಗನ್ನಡಿ, ಒಂದು ಅಯಸ್ಕಾಂತ, ಒಂದು ಉಷ್ಣಮಾಪಕ, ಒಂದು ಸಣ್ಣ ಮೋಟಾರು, ಒಂದು ಸ್ಕ್ರೂಡ್ರೈವರು, ಇವು ಚಿನ್ನದವೇನಲ್ಲ. 1965ರ ಗ್ರಂಥಾಲಯ ಕಾನೂನಿನಂತೆ ಕಟ್ಟಡ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನು ವರ್ಷ ವರ್ಷವೂ ತೆರುತ್ತಿರುವ ಅಂಗಡಿಕಾರ ಬಂಧುಗಳು ಇದನ್ನು ದಾನವೆಂದು ಬೇಡಬೇಕಾಗಿಲ್ಲ. ತಮ್ಮ ಹಣದ ಲೆಕ್ಕವೆಂದು ಕೇಳಬಹುದು. ನಾಲ್ಕು: ಇವೆಲ್ಲಕ್ಕೂ ಕನ್ನಡದಲ್ಲಿ ಸೂಚನೆಗಳಿರಬೇಕು. ಇಂಗ್ಲಿಷು ಬಾರದ ತಾಯಿ ಓದಿ ಮಗುವಿಗೆ ಹೇಳಲಾಗದ ಸೂಚನೆ ಇದ್ದರೂ ಇಲ್ಲದಂತೆಯೇ.

ಬೇಡಿಕೆ ಈಡೇರುವವರೆಗೆ ಕೈಕಟ್ಟಿ ಕೂರಬೇಕೆಂದು ಇದರ ಅರ್ಥವಲ್ಲ. ಬೆಂಗಳೂರಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ವಿಜ್ಞಾನ ವೇದಿಕೆಯನ್ನು ಆರಂಭಿಸಿ, ಸಾಮಾನ್ಯ ಜನ ಬಂದು ವಿಜ್ಞಾನ ಕೇಳುವಂತೆ ಮಾಡಿದರು. ಅದಕ್ಕೆ ಮೊದಲು ಬೇಕಾದದ್ದು ಮನಸ್ಸು. ನಮ್ಮ ಸಂಘದ ಕಚೇರಿಯ ಪಡಸಾಲೆ ಭಾನುವಾರ ಮಧ್ಯಾಹ್ನ ಖಾಲಿ ಬಿದ್ದಿರುತ್ತದೆ. ಅಲ್ಲಿ ಎರಡು ಗಂಟೆ ಮಕ್ಕಳನ್ನು ಸೇರಿಸೋಣ. ಒಂದು ವಾರ ಗಿರಣಿಯ ಫಿಟ್ಟರ್ ಅಣ್ಣ ಬಂದು ಗಾಲಿ ಪಟ್ಟೆಯ ಲೆಕ್ಕ ತೋರಿಸಲಿ. ಒಂದು ವಾರ ದಿನಸಿ ಅಂಗಡಿಯ ಶೆಟ್ಟರು ಹಳೆಯ ತಕ್ಕಡಿ ತರಲಿ. ಒಂದು ವಾರ ರೇಡಿಯೋ ರಿಪೇರಿಯ ಸಾಹೇಬರು ಕೆಟ್ಟ ರೇಡಿಯೋ ಬಿಚ್ಚಿ ತೋರಿಸಲಿ. ಒಂದು ವಾರ ನಿವೃತ್ತ ಉಪಾಧ್ಯಾಯಿನಿಯಮ್ಮ ಅರಿಸಿನದ ಕಾಗದ ಮಾಡಿಸಲಿ. ಮುಚ್ಚಿದ ಗಿರಣಿಗಳಿಂದ ಮನೆಗೆ ಬಂದ ಹಿರಿಯ ಕೆಲಸಗಾರರ ಕೈಯಲ್ಲಿ ಎಷ್ಟು ವಿದ್ಯೆಯಿದೆ! ಕೇಳುವವರಿಲ್ಲದೆ ಅದು ಅವರೊಡನೆಯೇ ಮಣ್ಣಾಗಬೇಕೇ? ಇದಕ್ಕೆ ಶುಲ್ಕ ಬೇಡ, ಪ್ರವೇಶ ಪರೀಕ್ಷೆ ಬೇಡ. ಬಂದ ಮಗುವಿನ ಜಾತಿ ಕೇಳುವವರಿಗೆ ಅಲ್ಲಿ ಜಾಗವೂ ಬೇಡ.

ಮಕ್ಕಳಿಗೆ ಅಂಕ ಬರುವುದೇ ಎಂದು ಕೇಳುವ ತಂದೆತಾಯಂದಿರಿಗೆ ಒಂದು ಮಾತು. ಮಾಡಿ ತಿಳಿದದ್ದು ಮರೆಯುವುದಿಲ್ಲ. ಮರೆಯದಿದ್ದದ್ದು ಪರೀಕ್ಷೆಗೂ ಬರುತ್ತದೆ. ಆದರೆ ಅಂಕ ಇದರ ಸಣ್ಣ ಲಾಭ. ಅಳೆದು ನೋಡುವುದನ್ನು ಕಲಿತ ಮಗು ಮುಂದೆ ಕೂಲಿಯ ಚೀಟಿಯನ್ನೂ ಅಳೆದು ನೋಡುತ್ತದೆ, ಬೆಲೆಯೇರಿಕೆಗೆ ಕೊಟ್ಟ ಕಾರಣವನ್ನೂ ಅಳೆದು ನೋಡುತ್ತದೆ, ಓಟು ಕೇಳಲು ಬಂದವನ ಮಾತನ್ನೂ ಅಳೆದು ನೋಡುತ್ತದೆ. ನಮ್ಮನ್ನೂ ಬಿಡುವುದಿಲ್ಲ, ಬಿಡಬಾರದು. “ಯಾಕೆ?” ಎಂದು ಕೇಳುವ ನಾಗರಿಕರನ್ನು ಬೆಳೆಸುವ ಧೈರ್ಯವಿಲ್ಲದ ಪಕ್ಷ ಸಮಾಜವಾದದ ಹೆಸರು ಹೇಳುವುದು ವ್ಯರ್ಥ.

ಈ ರಜೆಯ ಮೊದಲ ಭಾನುವಾರದಿಂದಲೇ ಕೆಲಸ ಆರಂಭವಾಗಲಿ. ಪ್ರತಿಯೊಂದು ಶಾಖೆಯೂ ತನ್ನ ಕೇರಿಯ ಶಾಲೆಗೆ ಹೋಗಿ ಪ್ರಯೋಗಶಾಲೆಯ ಬೀಗದ ಕೈ ಎಲ್ಲಿದೆಯೆಂದು ಮರ್ಯಾದೆಯಿಂದ ಕೇಳಲಿ. ಗ್ರಂಥಾಲಯಕ್ಕೆ ಹೋಗಿ ಪೆಟ್ಟಿಗೆಯ ಬೇಡಿಕೆಯನ್ನು ಬರೆದುಕೊಡಲಿ. ಬಂದ ಉತ್ತರವನ್ನು ಈ ಪತ್ರಿಕೆಗೆ ತಿಳಿಸಲಿ, ನಾವು ಅಚ್ಚು ಹಾಕುತ್ತೇವೆ. ಮನೆಯಲ್ಲಿ ಒಂದು ದಾರ, ಒಂದು ಕಲ್ಲು, ಒಂದು ನೋಟುಪುಸ್ತಕ ಸಿದ್ಧವಾಗಲಿ. ದುಡಿಯುವ ಕೈಗಳು ಕಟ್ಟಿದ ಈ ಲೋಕದ ಗುಟ್ಟು ದುಡಿಯುವವರ ಮಕ್ಕಳಿಗೂ ತಿಳಿಯಲೇಬೇಕು.